ಡೆಟ್ರಾಯಿಟ್‌ಗೂ ಡ್ಯಾಗೆನ್‌ಹ್ಯಾಮ್‌ಗೂ ನಡುವೆ: ಲಾರ್ಡ್ ಪೆರ್ರಿ ಎಂಬ ಕಾರ್ಖಾನೆ ಕಟ್ಟಿದವನ ಕಥೆ

ಫೋರ್ಡ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹೆನ್ರಿ ಫೋರ್ಡ್, ಡೆಟ್ರಾಯಿಟ್, ಮಾಡೆಲ್ ಟಿ, ಅಸೆಂಬ್ಲಿ ಲೈನ್. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಮಾರ್ಕ್ಸೂ ಸಿಗುತ್ತೆ. ಆದರೆ ಅದೇ ಕಂಪನಿ ಸಮುದ್ರ ದಾಟಿ ಬೇರೆ ದೇಶದಲ್ಲಿ ಕಾರ್ಖಾನೆ ಹಾಕಿದಾಗ ಏನಾಯ್ತು? ಅಲ್ಲಿನ ರಸ್ತೆಗೆ, ಅಲ್ಲಿನ ತೆರಿಗೆಗೆ, ಅಲ್ಲಿನ ಜನರ ಜೇಬಿಗೆ ಹೊಂದುವ ಕಾರು ಯಾವುದು ಅಂತ ತೀರ್ಮಾನ ಮಾಡಬೇಕಾದವರು ಯಾರು? ಅಲ್ಲೇ ಇರುವ ಮ್ಯಾನೇಜರೋ, ಆರು ಸಾವಿರ ಕಿಲೋಮೀಟರ್ ಆಚೆ ಡ್ರಾಯಿಂಗ್ ಬೋರ್ಡ್ ಮುಂದೆ ಕೂತ ಯಜಮಾನನೋ?

ಈ ಪ್ರಶ್ನೆಯ ಜೊತೆಗೇ ಬದುಕು ಕಳೆದ ಒಬ್ಬ ಮನುಷ್ಯ ಇದ್ದ. ಹೆಸರು ಪರ್ಸಿವಲ್ ಪೆರ್ರಿ. ಬ್ರಿಟನ್ನಿನಲ್ಲಿ ಫೋರ್ಡ್ ಕಾರ್ಖಾನೆಯನ್ನು ಒಂದಲ್ಲ, ಎರಡು ಸಲ ಕಟ್ಟಿದವನು. ನಡುವೆ ಒಂಬತ್ತು ವರ್ಷ ಕಂಪನಿ ಬಿಟ್ಟು ಹೊರಗಿದ್ದವನು. ಅವನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅವನ ಹೆಸರು ಗೊತ್ತಿಲ್ಲದ ಉದ್ಯಮಿ ಇರಲಿಲ್ಲ. ಇವತ್ತು ನಮ್ಮಲ್ಲಿ ಹೆಚ್ಚಿನವರು ಆ ಹೆಸರು ಕೇಳಿರಲಿಕ್ಕಿಲ್ಲ.

ಅಂಚೆಚೀಟಿ ಮಾರಿ ಲಂಡನ್ನಿಗೆ

ಪೆರ್ರಿ ಹುಟ್ಟಿದ್ದು 1878ರ ಮಾರ್ಚ್ 18ರಂದು, ಬ್ರಿಸ್ಟಲ್‌ನಲ್ಲಿ. ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಮನೆಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಓದಿನಲ್ಲಿ ಹುಷಾರಿದ್ದ ಹುಡುಗನಿಗೆ ಕಿಂಗ್ ಎಡ್ವರ್ಡ್ಸ್ ಶಾಲೆಯ ಸ್ಕಾಲರ್‌ಶಿಪ್ ಸಿಕ್ಕಿತು. ವಕೀಲನಾಗುವ ಆಸೆ ಇತ್ತು, ಅದಕ್ಕೆ ಬೇಕಾದ ಹಣ ಇರಲಿಲ್ಲ. ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಆಮೇಲೆ ತಾನು ಕೂಡಿಟ್ಟಿದ್ದ ಅಂಚೆಚೀಟಿ ಸಂಗ್ರಹವನ್ನೇ ಮಾರಿ, ಆ ದುಡ್ಡಿನಲ್ಲಿ ಲಂಡನ್ ರೈಲು ಹತ್ತಿದ.

ಅದು 1896. ಬ್ರಿಟನ್ನಿನ ರಸ್ತೆಯಲ್ಲಿ ಮೋಟಾರು ಗಾಡಿಗೆ ಆಗ ತಾನೇ ಬಿಡುಗಡೆ ಸಿಕ್ಕಿದ್ದ ವರ್ಷ. ಅಲ್ಲಿಯವರೆಗೆ ಗಾಡಿಯ ಮುಂದೆ ಒಬ್ಬ ಆಳು ನಡೆದುಕೊಂಡು ಹೋಗಬೇಕಿತ್ತು, ವೇಗ ಗಂಟೆಗೆ 4 ಮೈಲಿ ದಾಟುವಂತಿರಲಿಲ್ಲ. ಹೊಸ ಕಾನೂನು ಬಂದು ಮಿತಿ 14 ಮೈಲಿಗೆ ಏರಿತು. ಪೆರ್ರಿಗೆ ಕೆಲಸ ಕೊಟ್ಟವನು ಹ್ಯಾರಿ ಲಾಸನ್. ಸಿಕ್ಕಿದ ಪೇಟೆಂಟುಗಳನ್ನೆಲ್ಲ ಖರೀದಿಸಿ, ಇಡೀ ದೇಶದ ಮೋಟಾರು ಉದ್ಯಮವನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳಬೇಕು ಅಂತ ಹೊರಟಿದ್ದ ಆಸಾಮಿ. ಲಾಸನ್ ಕೊನೆಗೆ 1904ರಲ್ಲಿ ವಂಚನೆ ಕೇಸಿನಲ್ಲಿ ಜೈಲಿಗೆ ಹೋದ. ಆದರೆ ಹದಿನೆಂಟರ ಹುಡುಗನಿಗೆ ಮೋಟಾರಿನ ಹುಚ್ಚು ಹಿಡಿದದ್ದು ಅಲ್ಲೇ.

ಲಾಸನ್ ಜೈಲಿಗೆ ಹೋದ ಅದೇ 1904ರಲ್ಲಿ ಪೆರ್ರಿ ಲಂಡನ್ನಿನಲ್ಲಿ ಅಮೆರಿಕದ ಫೋರ್ಡ್ ಕಾರುಗಳನ್ನು ತರಿಸಿ ಮಾರುವ ಏಜೆನ್ಸಿ ಸೇರಿಕೊಂಡ. ಫೋರ್ಡ್ ಕಂಪನಿಗೆ ಆಗ ಒಂದು ವರ್ಷ ತುಂಬಿತ್ತು ಅಷ್ಟೆ. ವ್ಯಾಪಾರ ಕುಂಟುತ್ತಾ ಸಾಗಿತ್ತು. 1906ರಲ್ಲಿ ಪೆರ್ರಿ ನೇರವಾಗಿ ಡೆಟ್ರಾಯಿಟ್‌ಗೇ ಹೋಗಿ ಹೆನ್ರಿ ಫೋರ್ಡ್‌ನನ್ನು ಭೇಟಿಯಾದ, ಅವನ ಮನೆಯಲ್ಲೇ ಉಳಿದ. ಬ್ರಿಟಿಷ್ ವ್ಯಾಪಾರಕ್ಕೆ ಹಣ ಹಾಕಲು ಫೋರ್ಡ್ ಆಗ ಒಪ್ಪಲಿಲ್ಲ. ಆದರೆ ಇಬ್ಬರ ನಡುವೆ ಸ್ನೇಹ ಬೆಳೆಯಿತು. ಮುಂದಿನ ನಲವತ್ತು ವರ್ಷದ ಕಥೆಗೆ ಆ ಸ್ನೇಹವೇ ಬುನಾದಿ. 1908ರ ಕೊನೆಗೆ ಮಾಡೆಲ್ ಟಿ ಬಂತು. 1909ರಲ್ಲಿ ಫೋರ್ಡ್ ಲಂಡನ್ನಿನಲ್ಲಿ ತನ್ನದೇ ಶಾಖೆ ತೆರೆದು ಪೆರ್ರಿಯನ್ನು ಮ್ಯಾನೇಜರ್ ಮಾಡಿದ.

ಟ್ರಾಮ್ ಕಾರ್ಖಾನೆಯಲ್ಲಿ ಮಾಡೆಲ್ ಟಿ

ಮುಂದಿನ ಹೆಜ್ಜೆ ಕಾರ್ಖಾನೆ. ಪೂರ್ತಿ ಕಾರನ್ನು ಹಡಗಿನಲ್ಲಿ ತರಿಸೋದು ದುಬಾರಿ ಬಾಬತ್ತು. ಬಿಡಿ ಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿಸಿ ತರಿಸಿ, ಇಲ್ಲೇ ಜೋಡಿಸಿದರೆ ಅದೇ ಜಾಗದಲ್ಲಿ ಎಷ್ಟೋ ಹೆಚ್ಚು ಕಾರು ಬರುತ್ತೆ. ಇವತ್ತು ನಾವು ಸಿಕೆಡಿ ಕಿಟ್ ಅಂತೀವಲ್ಲ, ಅದೇ ಲೆಕ್ಕ. ಇದಕ್ಕೆ ಆಯ್ಕೆಯಾದದ್ದು ಮ್ಯಾಂಚೆಸ್ಟರಿನ ಟ್ರಾಫರ್ಡ್ ಪಾರ್ಕ್. ಪಕ್ಕದಲ್ಲೇ ಶಿಪ್ ಕೆನಾಲ್ ಇತ್ತು, ಹಡಗು ಊರೊಳಗೇ ಬರುತ್ತಿತ್ತು. ಟ್ರಾಮ್ ಗಾಡಿ ಮಾಡುತ್ತಿದ್ದ ಹಳೇ ಕಾರ್ಖಾನೆ ಖಾಲಿ ಬಿದ್ದಿತ್ತು. 1911ರ ಅಕ್ಟೋಬರ್‌ನಲ್ಲಿ ಅಲ್ಲಿ ಜೋಡಣೆ ಶುರುವಾಯಿತು. ಉತ್ತರ ಅಮೆರಿಕದ ಹೊರಗೆ ಫೋರ್ಡ್‌ನ ಮೊದಲ ಕಾರ್ಖಾನೆ ಇದು.

ಎರಡೇ ವರ್ಷ. 1913ರಲ್ಲಿ ಆರು ಸಾವಿರಕ್ಕೂ ಹೆಚ್ಚು ಕಾರು ಮಾರಿ ಫೋರ್ಡ್ ಬ್ರಿಟನ್ನಿನ ನಂಬರ್ ಒನ್ ಆಗಿತ್ತು. ಎರಡನೇ ಸ್ಥಾನದ ಸ್ವದೇಶಿ ಕಂಪನಿ ಇದರ ಅರ್ಧದಷ್ಟರಲ್ಲಿತ್ತು. 1914ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಕೂಡ ಬಂತು. ಡೆಟ್ರಾಯಿಟ್‌ನಲ್ಲಿ ಅದು ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ, ಬ್ರಿಟನ್ನಿನಲ್ಲಂತೂ ಅದೇ ಮೊದಲು.

ಕೆಲಸಗಾರರ ವಿಷಯ ಇಲ್ಲಿ ಹೇಳಲೇಬೇಕು. ಬ್ರಿಟನ್ನಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಆಗ ಪೀಸ್ ರೇಟ್ ಪದ್ಧತಿ ಸಾಮಾನ್ಯ. ಎಷ್ಟು ಮಾಡಿದೆಯೋ ಅಷ್ಟು ಕೂಲಿ. ಫಿಟ್ಟರ್, ಟರ್ನರ್, ಬಾಡಿ ಕಟ್ಟುವವರು ಎಲ್ಲರಿಗೂ ಅವರವರದೇ ಸಂಘ, ಅವರವರದೇ ಕಟ್ಟುಪಾಡು. ಪೆರ್ರಿ ಇದನ್ನೆಲ್ಲ ತೆಗೆದುಹಾಕಿದ. ಗಂಟೆಗೆ ಇಷ್ಟು ಅಂತ ಒಳ್ಳೇ ಸಂಬಳ ಕೊಟ್ಟ, ಸುತ್ತಮುತ್ತ ಎಲ್ಲೂ ಅಷ್ಟು ಸಿಗುತ್ತಿರಲಿಲ್ಲ. ಬದಲಿಗೆ ಕೆಲಸದ ವೇಗ, ಕೆಲಸದ ರೀತಿ ಎಲ್ಲ ಕಂಪನಿ ಹೇಳಿದಂತೆ. ಸಂಘಕ್ಕೆ ಜಾಗವಿಲ್ಲ. ಮುಷ್ಕರ ನಡೆಯಿತು, ಪೆರ್ರಿ ಬಗ್ಗಲಿಲ್ಲ. ಈ ಹಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಯುದ್ಧ, ಟ್ರ್ಯಾಕ್ಟರ್, ಮತ್ತು ಮುನಿಸು

ಮೊದಲ ಮಹಾಯುದ್ಧ ಬಂತು. ಹೆನ್ರಿ ಫೋರ್ಡ್ ಯುದ್ಧವಿರೋಧಿ. 1915ರ ಕೊನೆಗೆ ಶಾಂತಿ ಹಡಗು ಅಂತ ಒಂದನ್ನು ಹೊರಡಿಸಿಕೊಂಡು ಯೂರೋಪಿಗೇ ಬಂದ. ಇತ್ತ ಬ್ರಿಟನ್ನಿನಲ್ಲಿ ಮನೆಮನೆಯ ಹುಡುಗರು ಯುದ್ಧಭೂಮಿಯಲ್ಲಿ ಸಾಯುತ್ತಿದ್ದರು. ಪತ್ರಿಕೆಗಳು ಫೋರ್ಡ್ ಮೇಲೆ ಹರಿಹಾಯ್ದವು. ಆ ಬೈಗುಳ ಕೇಳಬೇಕಾದವನು ಪೆರ್ರಿ. ವಿಚಿತ್ರ ನೋಡಿ, ಅದೇ ಹೊತ್ತಿಗೆ ಪೆರ್ರಿಯ ಕಾರ್ಖಾನೆಯಿಂದ ಸೈನ್ಯಕ್ಕೆ ಮಾಡೆಲ್ ಟಿ ಆಂಬುಲೆನ್ಸ್‌ಗಳು, ಸಾಗಣೆ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಯಜಮಾನನ ಮಾತಿಗೂ ಶಾಖೆಯ ಬದುಕಿಗೂ ಎಷ್ಟು ದೂರ ಇರಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

1917ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಆಹಾರ ತರುವ ಹಡಗುಗಳನ್ನು ಮುಳುಗಿಸತೊಡಗಿದಾಗ ಬ್ರಿಟನ್ ತನ್ನ ನೆಲವನ್ನೇ ಹೆಚ್ಚು ಉಳಬೇಕಾಯಿತು. ಕುದುರೆಗಳೂ ಆಳುಗಳೂ ಯುದ್ಧಕ್ಕೆ ಹೋಗಿದ್ದರು. ಸರ್ಕಾರದ ಆಹಾರ ಉತ್ಪಾದನಾ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಪೆರ್ರಿ, ಫೋರ್ಡ್‌ನ ಹೊಸ ಟ್ರ್ಯಾಕ್ಟರನ್ನು ತರಿಸುವ ವ್ಯವಸ್ಥೆ ಮಾಡಿದ. ಬ್ರಿಟನ್ನಿನಲ್ಲೇ ತಯಾರಿಸುವ ಯೋಜನೆ ವಿಮಾನ ದಾಳಿಗಳಿಂದಾಗಿ ಕೈಬಿಟ್ಟುಹೋಯಿತು. ಆರು ಸಾವಿರ ಟ್ರ್ಯಾಕ್ಟರ್‌ಗಳ ಆರ್ಡರ್ ಅಮೆರಿಕಕ್ಕೆ ಹೋಯಿತು. ಅದೇ ವರ್ಷ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಗೂ ಅಡಿಪಾಯ ಬಿತ್ತು. ಕಾರ್ಕ್ ಸೀಮೆ ಹೆನ್ರಿ ಫೋರ್ಡ್‌ನ ಅಪ್ಪ ಹುಟ್ಟಿದ ನೆಲ. 1918ರಲ್ಲಿ ಪೆರ್ರಿಗೆ ಸರ್ ಪದವಿ ಬಂತು.

ಆದರೆ ಮರುವರ್ಷವೇ, 1919ರಲ್ಲಿ, ಅವನು ಫೋರ್ಡ್ ಬಿಟ್ಟ. ಡೆಟ್ರಾಯಿಟ್ ಬೆಳೆದು ದೈತ್ಯನಾಗಿತ್ತು. ಹಿಂದೆ ಗೆಳೆಯನ ಮನೆಯಲ್ಲಿ ಕೂತು ಮಾತಾಡಿ ಮುಗಿಸುತ್ತಿದ್ದ ವಿಷಯಗಳು ಈಗ ಮೇಲಿಂದ ಬರುವ ಆದೇಶಗಳಾಗಿದ್ದವು. ಬ್ರಿಟನ್ನಿನ ಕಂಪನಿ ಬ್ರಿಟನ್ನಿಗೆ ತಕ್ಕಂತೆ ನಡೆಯಬೇಕು ಅನ್ನುವ ಪೆರ್ರಿಗೆ ಅದು ಸರಿಬರಲಿಲ್ಲ.

ಒಂದು ಸೂತ್ರ ಮಾಡಿದ ಅನಾಹುತ

ಅವನು ಹೋದ ಮೇಲೆ ಏನಾಯ್ತು ಅನ್ನೋದು ನಮಗೆ, ಅದರಲ್ಲೂ ಮೆಕ್ಯಾನಿಕಲ್‌ನವರಿಗೆ, ಸ್ವಾರಸ್ಯದ ಭಾಗ.

1921ರ ಜನವರಿಯಿಂದ ಬ್ರಿಟನ್ನಿನಲ್ಲಿ ಕಾರಿಗೆ ಹಾರ್ಸ್‌ಪವರ್ ತೆರಿಗೆ ಬಂತು. ಒಂದು ಹಾರ್ಸ್‌ಪವರ್‌ಗೆ ವರ್ಷಕ್ಕೆ ಒಂದು ಪೌಂಡ್. ಆದರೆ ಈ ಹಾರ್ಸ್‌ಪವರ್ ಡೈನಮೋಮೀಟರಿನಲ್ಲಿ ಅಳೆದದ್ದಲ್ಲ, ಸೂತ್ರದಿಂದ ಲೆಕ್ಕ ಹಾಕಿದ್ದು. ಸಿಲಿಂಡರಿನ ಬೋರ್ ಎಷ್ಟು ಇಂಚು ಅಂತ ನೋಡಿ, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು. ಅಷ್ಟೆ. ಗಮನಿಸಿದಿರಾ? ಸ್ಟ್ರೋಕ್ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ!

ಮಾಡೆಲ್ ಟಿ ಎಂಜಿನ್‌ನ ಬೋರ್ 3.75 ಇಂಚು, ನಾಲ್ಕು ಸಿಲಿಂಡರ್. ಲೆಕ್ಕ ಹಾಕಿ ನೋಡಿ, 22.5 ಬರುತ್ತೆ. ವರ್ಷಕ್ಕೆ 23 ಪೌಂಡ್ ತೆರಿಗೆ. ಆ ಎಂಜಿನ್ ನಿಜವಾಗಿ ಕೊಡುತ್ತಿದ್ದ ಶಕ್ತಿ ಸುಮಾರು 20 ಹಾರ್ಸ್‌ಪವರ್! ಬ್ರಿಟಿಷ್ ತಯಾರಕರು ಸೂತ್ರವನ್ನು ಅರ್ಥಮಾಡಿಕೊಂಡು ಬೋರ್ ಸಣ್ಣದು, ಸ್ಟ್ರೋಕ್ ಉದ್ದ ಇರುವ ಎಂಜಿನ್‌ಗಳನ್ನು ಮಾಡಿದರು. ಅಂಥ ಕಾರು ಕೊಂಡವನು ಮಾಡೆಲ್ ಟಿಯ ಅರ್ಧದಷ್ಟು ತೆರಿಗೆ ಕಟ್ಟಿ ಆರಾಮಾಗಿದ್ದ.

ಕಾರು ಅಗ್ಗವೇ, ಗಟ್ಟಿಯೇ. ಆದರೆ ವರ್ಷ ವರ್ಷವೂ ಕಟ್ಟಬೇಕಾದ ತೆರಿಗೆ ಗಿರಾಕಿಯ ಕೈಸುಡುತ್ತಿತ್ತು. ಡೆಟ್ರಾಯಿಟ್‌ಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಜಗತ್ತಿಗೆಲ್ಲ ಒಂದೇ ಕಾರು ಅನ್ನೋದು ಅವರ ನಂಬಿಕೆ, ಅಮೆರಿಕದಲ್ಲಿ ಅದು ಗೆದ್ದೂ ಇತ್ತು. 1920ರ ದಶಕದ ನಡುವಿನ ಹೊತ್ತಿಗೆ ಮಾರಿಸ್ ಕಂಪನಿ ಫೋರ್ಡ್‌ನ ಮೊದಲ ಸ್ಥಾನ ಕಿತ್ತುಕೊಂಡಿತು. ಡೆಟ್ರಾಯಿಟ್ ಹೊಸದಾಗಿ ಮಾಡಿದ ಮಾಡೆಲ್ ಎ ಕಾರಿನ ಬೋರ್ ಇನ್ನೂ ದೊಡ್ಡದು, ಅದೇ ಸೂತ್ರದಲ್ಲಿ 24 ಹಾರ್ಸ್‌ಪವರ್. ಬ್ರಿಟನ್ನಿಗೆ ಅಂತ ಬೋರ್ ಕಡಿಮೆ ಮಾಡಿ 14.9ರ ಎಂಜಿನ್ ಕೂರಿಸಿದರು. ಆದರೆ ಕಾರಿನ ಮೈ ಅಷ್ಟೇ ದೊಡ್ಡದು, ಎಂಜಿನ್ ಮಾತ್ರ ಚಿಕ್ಕದು. ಅದೂ ಸರಿಹೋಗಲಿಲ್ಲ.

ಪೆರ್ರಿ ಈ ವರ್ಷಗಳಲ್ಲಿ ಸುಮ್ಮನೆ ಕೂತಿರಲಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದ ಸಾವಿರಾರು ಹಳೇ ಗಾಡಿಗಳು ಸ್ಲೌ ಎಂಬಲ್ಲಿ ರಾಶಿ ಬಿದ್ದಿದ್ದವು. 1920ರಲ್ಲಿ ನೋಯಲ್ ಮಾಬ್ಸ್ ಮುಂತಾದವರ ಜೊತೆ ಸೇರಿ ಪೆರ್ರಿ ಗಾಡಿಗಳನ್ನೂ ಜಾಗವನ್ನೂ ಒಟ್ಟಿಗೇ ಕೊಂಡ. ಗಾಡಿಗಳನ್ನು ರಿಪೇರಿ ಮಾಡಿ ಮಾರಿದರು. ಆಮೇಲೆ ಖಾಲಿ ಶೆಡ್‌ಗಳನ್ನು ಬೇರೆ ಬೇರೆ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟರು. ಹೀಗೆ ಹುಟ್ಟಿದ್ದೇ ಸ್ಲೌ ಟ್ರೇಡಿಂಗ್ ಎಸ್ಟೇಟ್, ನಮ್ಮ ಪೀಣ್ಯ ಇದ್ದ ಹಾಗೆ ಒಂದು ಕೈಗಾರಿಕಾ ಪ್ರದೇಶ. 1926ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ತನ್ನ ಬ್ರಿಟಿಷ್ ಕಾರ್ಖಾನೆ ತೆರೆದದ್ದೂ ಅಲ್ಲೇ. ಪೆರ್ರಿ ಮಾತ್ರ ಚಾನೆಲ್ ದ್ವೀಪಗಳಲ್ಲಿ ಹರ್ಮ್ ಎಂಬ ಪುಟ್ಟ ದ್ವೀಪವನ್ನು ಗುತ್ತಿಗೆಗೆ ಹಿಡಿದು, ಅಲ್ಲಿ ನೆಮ್ಮದಿಯಾಗಿದ್ದ.

ಜೌಗು ನೆಲದಲ್ಲಿ ಎರಡನೇ ಕಾರ್ಖಾನೆ

1928ರಲ್ಲಿ ಹೆನ್ರಿ ಫೋರ್ಡ್ ಇಂಗ್ಲೆಂಡಿಗೆ ಬಂದು ಪೆರ್ರಿಯನ್ನು ವಾಪಸ್ ಕರೆದ. ಈ ಸಲ ವ್ಯವಸ್ಥೆಯೇ ಬೇರೆ. ಆ ವರ್ಷದ ಡಿಸೆಂಬರ್‌ನಲ್ಲಿ ಹೊಸ ಬ್ರಿಟಿಷ್ ಕಂಪನಿ ಹುಟ್ಟಿತು. 60 ಭಾಗ ಷೇರು ಅಮೆರಿಕದ್ದು, 40 ಭಾಗ ಬ್ರಿಟಿಷ್ ಸಾರ್ವಜನಿಕರದ್ದು. ಪೆರ್ರಿ ಅಧ್ಯಕ್ಷ. ಯೂರೋಪಿನ ಇತರ ದೇಶಗಳ ಫೋರ್ಡ್ ಕಂಪನಿಗಳ ಹೆಚ್ಚಿನ ಷೇರು ಈ ಬ್ರಿಟಿಷ್ ಕಂಪನಿಯ ಕೈಗೆ. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ದಂಡೆಯ ಡ್ಯಾಗೆನ್‌ಹ್ಯಾಮ್‌ನಲ್ಲಿ ವರ್ಷಕ್ಕೆ 2 ಲಕ್ಷ ಗಾಡಿ ಮಾಡಬಲ್ಲ ಕಾರ್ಖಾನೆ ಕಟ್ಟೋದು, ಅಲ್ಲಿಂದ ಇಡೀ ಯೂರೋಪಿಗೆ ಸರಬರಾಜು ಮಾಡೋದು ಯೋಜನೆ.

ಜಾಗ ಮಾತ್ರ ಜೌಗು. 1929ರ ಮೇ 17ರಂದು ಹೆನ್ರಿಯ ಮಗ ಎಡ್ಸೆಲ್ ಫೋರ್ಡ್ ಗುದ್ದಲಿಪೂಜೆ ಮಾಡಿದ. ಆ ಕೆಸರು ನೆಲದಲ್ಲಿ ಕಾರ್ಖಾನೆ ನಿಲ್ಲಬೇಕಾದರೆ ಸುಮಾರು 22,000 ಕಾಂಕ್ರೀಟ್ ಪೈಲ್‌ಗಳನ್ನು ಇಳಿಸಬೇಕಾಯಿತು. ಸಿವಿಲ್‌ನವರಿಗೆ ಈ ಸಂಖ್ಯೆಯ ಅರ್ಥ ಬೇಗ ಆಗುತ್ತೆ. ಹಡಗು ನಿಲ್ಲಲು ಜೆಟ್ಟಿ, ಸ್ವಂತ ವಿದ್ಯುತ್ ಸ್ಥಾವರ, ಮುಂದೆ ಸ್ವಂತ ಬ್ಲಾಸ್ಟ್ ಫರ್ನೇಸ್. ಒಂದು ಕಡೆಯಿಂದ ಅದಿರು, ಕಲ್ಲಿದ್ದಲು ಒಳಗೆ ಹೋದರೆ ಇನ್ನೊಂದು ಕಡೆಯಿಂದ ಗಾಡಿ ಹೊರಗೆ ಬರಬೇಕು.

ಗುದ್ದಲಿಪೂಜೆಯಾಗಿ ಐದು ತಿಂಗಳಿಗೆ ನ್ಯೂಯಾರ್ಕ್ ಷೇರುಪೇಟೆ ಕುಸಿದು ಜಗತ್ತೇ ಹಿಂಜರಿತಕ್ಕೆ ಬಿತ್ತು. ಆದರೂ ಕಟ್ಟಡ ನಿಲ್ಲಲಿಲ್ಲ. ಮ್ಯಾಂಚೆಸ್ಟರಿನ ಯಂತ್ರಗಳೂ ಕೆಲಸಗಾರರೂ ಡ್ಯಾಗೆನ್‌ಹ್ಯಾಮ್‌ಗೆ ಬಂದರು. 1931ರ ಅಕ್ಟೋಬರ್ 1ರಂದು ಮೊದಲ ಗಾಡಿ, ಒಂದು ಟ್ರಕ್, ಲೈನಿನಿಂದ ಹೊರಬಂತು. ಯೂರೋಪಿನ ಅತಿ ದೊಡ್ಡ ಕಾರು ಕಾರ್ಖಾನೆ ರೆಡಿ. ಆದರೆ ಮಾರಲು ಸರಿಯಾದ ಕಾರೇ ಇಲ್ಲ!

ಪೆರ್ರಿ ಡೆಟ್ರಾಯಿಟ್‌ಗೆ ಬಿಡದೆ ಒತ್ತಾಯ ಮಾಡಿದ. ಸಣ್ಣ ಕಾರು ಬೇಕು, ಈಗಲೇ ಬೇಕು. ಈ ಸಲ ಅವರು ಕೇಳಿದರು. ಕೆಲವೇ ತಿಂಗಳಲ್ಲಿ ಹೊಸ ವಿನ್ಯಾಸ ತಯಾರಾಯಿತು. 1932ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮಾದರಿ ಕಾರನ್ನು ಜನರಿಗೆ ತೋರಿಸಿದರು. ಜನರ ಅಭಿಪ್ರಾಯ ಕೇಳಿ ತಿದ್ದಿದರು. ಆಗಸ್ಟ್‌ನಲ್ಲಿ ಉತ್ಪಾದನೆ ಶುರು. ಅದೇ ಮಾಡೆಲ್ ವೈ. 933 ಸಿಸಿ ಎಂಜಿನ್, ಬೋರ್ 56.6 ಮಿಲಿಮೀಟರ್, ಸ್ಟ್ರೋಕ್ 92.5 ಮಿಲಿಮೀಟರ್. ಮತ್ತೆ ಸೂತ್ರಕ್ಕೆ ಹಾಕಿ: 8ಕ್ಕಿಂತ ಒಂಚೂರು ಕಡಿಮೆ. ತೆರಿಗೆ 8 ಪೌಂಡ್. 23 ಎಲ್ಲಿ, 8 ಎಲ್ಲಿ! ಕಾರು ಬಿಸಿ ದೋಸೆಯಂತೆ ಖರ್ಚಾಯಿತು. 1935ರಲ್ಲಿ ಅದರ ಒಂದು ರೂಪದ ಬೆಲೆ 100 ಪೌಂಡ್‌ಗೆ ಇಳಿಯಿತು. ಮುಚ್ಚಿದ ಮೈಯ ನಾಲ್ಕು ಸೀಟಿನ ಕಾರು ಆ ಬೆಲೆಗೆ ಬ್ರಿಟನ್ನಿನಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ಡ್ಯಾಗೆನ್‌ಹ್ಯಾಮ್ ಉಳಿಯಿತು.

ಗೆದ್ದ ಕಾರಿನ ಡ್ರಾಯಿಂಗ್ ಬಂದದ್ದು ಅಮೆರಿಕದಿಂದಲೇ. ಹಾಗಾಗಿ ಇದು ಸ್ಥಳೀಯರು ಜಾಣರು, ದೂರದವರು ದಡ್ಡರು ಅನ್ನುವ ಕಥೆಯಲ್ಲ. ಡೆಟ್ರಾಯಿಟ್‌ನವರಿಗೆ ವಿನ್ಯಾಸ ಮಾಡೋದು ಚೆನ್ನಾಗಿ ಗೊತ್ತಿತ್ತು. ಏನನ್ನು ವಿನ್ಯಾಸ ಮಾಡಬೇಕು ಅನ್ನೋದು ಗೊತ್ತಿದ್ದದ್ದು ಪೆರ್ರಿಗೆ. ಎರಡೂ ಸೇರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕೇಳಿಸಿಕೊಳ್ಳದವನು

ಪೆರ್ರಿಯನ್ನು ಹೀರೋ ಮಾಡಿ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇನ್ನೊಂದು ಮುಖವೂ ಇದೆ. ಡ್ಯಾಗೆನ್‌ಹ್ಯಾಮ್‌ನಿಂದಲೇ ಇಡೀ ಯೂರೋಪನ್ನು ನಡೆಸುವ ಯೋಜನೆ ಜರ್ಮನಿ, ಫ್ರಾನ್ಸ್‌ಗಳಲ್ಲಿ ಎಡವಿತು. ಆ ದೇಶಗಳು ಆಮದು ಸುಂಕ ಏರಿಸಿ, ತಮ್ಮ ನೆಲದಲ್ಲೇ ತಯಾರಾದ ಕಾರು ಬೇಕು ಅಂದವು. ಕೊಲೋನ್‌ನಲ್ಲಿ 1931ರಲ್ಲಿ ಫೋರ್ಡ್ ಕಾರ್ಖಾನೆ ಶುರುವಾಗಿತ್ತು, ಅಲ್ಲಿನವರಿಗೆ ಅವರದೇ ಒತ್ತಡಗಳು. ಪೆರ್ರಿಗೆ ಡೆಟ್ರಾಯಿಟ್ ಹೇಗೆ ಕಾಣುತ್ತಿತ್ತೋ, ಅವರಿಗೆ ಡ್ಯಾಗೆನ್‌ಹ್ಯಾಮ್ ಹಾಗೇ ಕಂಡಿರಬೇಕು.

ಕೆಲಸಗಾರರ ವಿಷಯದಲ್ಲೂ ಅಷ್ಟೆ. ತನ್ನ ಮಾತನ್ನು ಡೆಟ್ರಾಯಿಟ್ ಕೇಳಬೇಕು ಅಂತ ಅಷ್ಟು ಹಟ ಹಿಡಿದವನು, ತನ್ನ ಕೆಳಗಿನ ಸಾವಿರಾರು ಜನ ಸಂಘ ಕಟ್ಟಿ ಮಾತಾಡುವುದನ್ನು ಒಪ್ಪಲಿಲ್ಲ. ಒಳ್ಳೇ ಸಂಬಳ ಕೊಟ್ಟರೆ ಸಾಕು ಅನ್ನೋದು ಅವನ ಲೆಕ್ಕ. ಡ್ಯಾಗೆನ್‌ಹ್ಯಾಮ್‌ನಲ್ಲಿ ಕಾರ್ಮಿಕ ಸಂಘಗಳಿಗೆ ಮಾನ್ಯತೆ ಸಿಕ್ಕಿದ್ದು 1944ರಲ್ಲಿ, ಅದೂ ಯುದ್ಧದ ಒತ್ತಡದಲ್ಲಿ.

ಆ ಯುದ್ಧದ ಇನ್ನೊಂದು ಸಂಗತಿ ನಮ್ಮಂಥವರಿಗೆ ಹೇಳಿಮಾಡಿಸಿದಂತಿದೆ. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ ರೋಲ್ಸ್-ರಾಯ್ಸ್ ವಿನ್ಯಾಸ. ಅದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡಲು ಸರ್ಕಾರ ಬ್ರಿಟಿಷ್ ಫೋರ್ಡ್‌ಗೂ ಹೇಳಿತು. ಡ್ರಾಯಿಂಗ್ ನೋಡಿದ ಫೋರ್ಡ್‌ನವರು ಈ ಟಾಲರೆನ್ಸ್ ಇಟ್ಟುಕೊಂಡು ನಾವು ಎಂಜಿನ್ ಮಾಡಲಾರೆವು ಅಂದರು. ರೋಲ್ಸ್-ರಾಯ್ಸ್‌ನವರು ತಮ್ಮ ನಿಖರತೆ ಇವರ ಕೈಗೆಟುಕದು ಅಂದುಕೊಂಡರು. ವಿಷಯ ಉಲ್ಟಾ! ಟಾಲರೆನ್ಸ್ ಫೋರ್ಡ್‌ಗೆ ಬೇಕಾದ್ದಕ್ಕಿಂತ ಸಡಿಲ ಇತ್ತು. ರೋಲ್ಸ್-ರಾಯ್ಸ್‌ನಲ್ಲಿ ನುರಿತ ಫಿಟ್ಟರ್ ಒಂದೊಂದು ಭಾಗವನ್ನೂ ಉಜ್ಜಿ ಕೂರಿಸುತ್ತಿದ್ದ. ಫೋರ್ಡ್ ಲೈನಿನಲ್ಲಿ ಯಾವ ಭಾಗ ತೆಗೆದುಕೊಂಡರೂ ಉಜ್ಜದೆ ಕೂರಬೇಕು. ಡ್ರಾಯಿಂಗ್‌ಗಳನ್ನು ಹೊಸದಾಗಿ ಬರೆದರು. ಮ್ಯಾಂಚೆಸ್ಟರ್ ಬಳಿ, ಹಳೇ ಟ್ರಾಫರ್ಡ್ ಪಾರ್ಕಿನ ಹತ್ತಿರವೇ, ಹೊಸ ಕಾರ್ಖಾನೆ ಎದ್ದಿತು. ಹಿಂದೆ ಕಾರ್ಖಾನೆಯ ಮುಖ ನೋಡದ ಸಾವಿರಾರು ಹೆಂಗಸರು, ಗಂಡಸರು ಅಲ್ಲಿ ಸುಮಾರು 30,000 ಮರ್ಲಿನ್ ಎಂಜಿನ್ ಮಾಡಿದರು.

ಆಮೇಲೆ

1938ರಲ್ಲಿ ಪೆರ್ರಿ ಲಾರ್ಡ್ ಪೆರ್ರಿಯಾದ. 1948ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ. 1956ರ ಜೂನ್ 17ರಂದು ಬಹಾಮಾಸ್‌ನ ನಸ್ಸೌನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ, ಲಾರ್ಡ್ ಪದವಿ ಅವನೊಂದಿಗೇ ಮುಗಿಯಿತು. ಅವನು ಹೋಗಿ ಐದು ವರ್ಷ ಆಗುವುದರೊಳಗೆ ಅಮೆರಿಕದ ಫೋರ್ಡ್ ಬ್ರಿಟಿಷ್ ಸಾರ್ವಜನಿಕರ ಕೈಲಿದ್ದ ಷೇರುಗಳನ್ನೆಲ್ಲ ಕೊಂಡುಕೊಂಡಿತು. 1968ರಲ್ಲಿ ಡ್ಯಾಗೆನ್‌ಹ್ಯಾಮ್‌ನಲ್ಲಿ ಸೀಟ್ ಕವರ್ ಹೊಲಿಯುತ್ತಿದ್ದ ಹೆಂಗಸರು ಮುಷ್ಕರ ಹೂಡಿದರು. 1970ರ ಸಮಾನ ವೇತನ ಕಾಯ್ದೆಗೆ ಆ ಮುಷ್ಕರವೇ ದೊಡ್ಡ ಪ್ರೇರಣೆ. ಪೆರ್ರಿ ಕೇಳಿಸಿಕೊಳ್ಳಲು ಒಪ್ಪದ ದನಿ ಕೊನೆಗೆ ಪಾರ್ಲಿಮೆಂಟಿಗೇ ಕೇಳಿಸಿತು. 2002ರಲ್ಲಿ ಅಲ್ಲಿ ಕಾರು ಜೋಡಣೆ ನಿಂತಿತು. ಎಂಜಿನ್ ತಯಾರಿಕೆ ಮುಂದುವರಿಯಿತು.

ಭಾರತಕ್ಕೂ ಫೋರ್ಡ್ ಆ ಕಾಲದಲ್ಲೇ ಬಂದಿತ್ತು, ಆದರೆ ಡ್ಯಾಗೆನ್‌ಹ್ಯಾಮ್ ಮೂಲಕ ಅಲ್ಲ. 1926ರ ಫೋರ್ಡ್ ಇಂಡಿಯಾ, ಕೆನಡಾದ ಫೋರ್ಡ್‌ನ ಅಂಗಸಂಸ್ಥೆ. ಬಂದ ಪೆಟ್ಟಿಗೆ ಬಿಚ್ಚಿ ಜೋಡಿಸೋದಷ್ಟೇ ಇಲ್ಲಿನ ಕೆಲಸ. ಜೋಡಿಸೋದು ಬೇರೆ, ತಯಾರಿಸೋದು ಬೇರೆ ಅಂತ ಗೊತ್ತಿದ್ದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದ್ದೇ ಆದ ಕಾರು ಕಾರ್ಖಾನೆಗಾಗಿ ಓಡಾಡಿದ್ದರು.

ಇವತ್ತು ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಸಿಗುತ್ತೆ. ಬೆಂಗಳೂರಿನ ತುಂಬ ವಿದೇಶಿ ಕಂಪನಿಗಳ ಎಂಜಿನಿಯರಿಂಗ್ ಸೆಂಟರ್‌ಗಳಿವೆ. ಪ್ಲೇಸ್‌ಮೆಂಟ್ ಮುಗಿಸಿ ನಮ್ಮಲ್ಲಿ ಎಷ್ಟೋ ಜನ ಹೋಗಿ ಕೂರೋದು ಅಂಥ ಕಡೆಯೇ. ಮೇಲಿನಿಂದ ಸ್ಪೆಸಿಫಿಕೇಶನ್ ಬರುತ್ತೆ, ನಾವು ಮಾಡಿಕೊಡ್ತೀವಿ. ನಮ್ಮ ರಸ್ತೆಯ ಹಂಪು, ನಮ್ಮ ಮಳೆ, ನಮ್ಮ ಜನರ ಬಜೆಟ್ಟು ಆ ಹಾಳೆಯಲ್ಲಿ ಇಲ್ಲದಿದ್ದರೆ ಅದನ್ನು ಎತ್ತಿ ಹೇಳಬೇಕಾದವರು ನಾವೇ. ಹೇಳುವಾಗ ಪೆರ್ರಿಯ ಹಾಗೆ ಲೆಕ್ಕ ಇಟ್ಟುಕೊಂಡು ಹೇಳೋಣ. ಲೈನಿನಲ್ಲಿ ನಿಂತವರು ನಮಗೆ ಏನಾದರೂ ಹೇಳಲು ಬಂದಾಗ ಮಾತ್ರ ಅವನ ಹಾಗೆ ಬಾಗಿಲು ಹಾಕಿಕೊಳ್ಳೋದು ಬೇಡ.